ಏಕ-ಪ್ರಕರಣ ಸಂಶೋಧನೆಯ ವರದಿ ಬರೆಯುವ ಕ್ರಮ: ಕಲಬುರಗಿ, ಬೀದರ್, ಯಾದಗಿರಿಯ ಸಂಶೋಧಕರಿಗಾಗಿ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ವಿಶೇಷ ಶಿಕ್ಷಣ, ವಾಕ್ ಚಿಕಿತ್ಸೆ, ಆಪ್ತಸಮಾಲೋಚನೆ ಮೊದಲಾದ ಕೆಲಸಗಳಲ್ಲಿ ತೊಡಗಿರುವವರ ಮುಂದೆ ಸಾಮಾನ್ಯವಾಗಿ ನೂರಾರು ಜನರ ಗುಂಪು ಇರುವುದಿಲ್ಲ. ಒಂದು ಮಗು, ಹೆಚ್ಚೆಂದರೆ ಮೂರು-ನಾಲ್ಕು ಮಕ್ಕಳು. ಅವರಲ್ಲೂ ಒಬ್ಬೊಬ್ಬರ ತೊಂದರೆ ಒಂದೊಂದು ಬಗೆಯದು. ಇಂಥಲ್ಲಿ ಒಂದು ಬೋಧನಾ ಕ್ರಮ ನಿಜವಾಗಿ ಫಲ ಕೊಟ್ಟಿತೇ ಎಂದು ತಿಳಿಯಲು ವರ್ತನಾ ವಿಜ್ಞಾನದಲ್ಲಿ ಏಕ-ಪ್ರಕರಣ ವಿನ್ಯಾಸವೆಂಬ ಶಿಸ್ತಿನ ವಿಧಾನವಿದೆ. ಬಿ.ಇಡಿ. ವಿದ್ಯಾರ್ಥಿಗಳು ಬರೆಯುವ ವ್ಯಕ್ತಿ ಅಧ್ಯಯನಕ್ಕೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ವ್ಯಕ್ತಿ ಅಧ್ಯಯನವು ಮಗುವಿನ ಹಿನ್ನೆಲೆಯನ್ನು ವಿವರಿಸುತ್ತದೆ. ಏಕ-ಪ್ರಕರಣ ವಿನ್ಯಾಸದಲ್ಲಿ ಒಂದೇ ವರ್ತನೆಯನ್ನು ಮತ್ತೆ ಮತ್ತೆ ಅಳೆಯಲಾಗುತ್ತದೆ, ಸಂಶೋಧಕನೇ ಉದ್ದೇಶಪೂರ್ವಕವಾಗಿ ಸನ್ನಿವೇಶವನ್ನು ಬದಲಿಸುತ್ತಾನೆ, ಮತ್ತು ಆ ಬದಲಾವಣೆಯ ಬೆನ್ನಿಗೇ ವರ್ತನೆಯೂ ಬದಲಾಯಿತು ಎಂಬುದನ್ನು ಒಂದೇ ಸಲವಲ್ಲ, ಕನಿಷ್ಠ ಮೂರು ಸಲ ತೋರಿಸಬೇಕಾಗುತ್ತದೆ.

ಇಂಥ ಅಧ್ಯಯನದ ಬೆಲೆ ಅದರ ವರದಿಯನ್ನೇ ಅವಲಂಬಿಸಿದೆ. ಗುಂಪು ಅಧ್ಯಯನದಲ್ಲಿ ಒಂದೆರಡು ವಿವರ ಬಿಟ್ಟುಹೋದರೂ ಸರಾಸರಿ ಸಂಖ್ಯೆಗಳು ಸ್ವಲ್ಪಮಟ್ಟಿಗೆ ಆಸರೆಯಾಗುತ್ತವೆ. ಇಲ್ಲಿ ಹಾಗಲ್ಲ: ಹೊಸ ಪಾಠಕ್ಕೆ ಮುಂಚಿನ ಅಳತೆಗಳ ಅವಧಿಯಾದ ಬೇಸ್‌ಲೈನನ್ನು ಯಾವ ದಿನ ನಿಲ್ಲಿಸಲಾಯಿತು, ಏಕೆ ಆ ದಿನವೇ, ಆ ದಿನ ಅಳೆದವರು ಯಾರು ಎಂಬುದು ಗೊತ್ತಾಗದಿದ್ದರೆ ನಕ್ಷೆಯ ರೇಖೆ ಎಷ್ಟೇ ಚೆನ್ನಾಗಿ ಮೇಲೇರಿದರೂ ಅದರಿಂದ ಏನನ್ನೂ ತೀರ್ಮಾನಿಸಲಾಗದು. ಈ ವಿವರಗಳಲ್ಲಿ ಬಹುಪಾಲನ್ನು ಕೆಲಸ ಮುಗಿದ ಮೇಲೆ ನೆನಪಿನಿಂದ ತುಂಬಿಸಲು ಬರುವುದಿಲ್ಲ. ಆದ್ದರಿಂದ ವರದಿಯ ಬರವಣಿಗೆ ಮೊದಲ ಅಳತೆಗಿಂತ ಮುಂಚೆಯೇ ಶುರುವಾಗಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ವಿವರಣೆಗಾಗಿ ಒಂದು ಕಲ್ಪಿತ ಅಧ್ಯಯನವನ್ನು ಇಟ್ಟುಕೊಳ್ಳೋಣ. ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಮೂವರು ಮಕ್ಕಳಿಗೆ ಒತ್ತಕ್ಷರವಿರುವ ಪದಗಳನ್ನು ಓದಲು ಬರುತ್ತಿಲ್ಲ. ಒಬ್ಬನ ಮನೆಮಾತು ಲಂಬಾಣಿ, ಇನ್ನೊಬ್ಬಳದು ತೆಲುಗು, ಮೂರನೆಯವನದು ಕನ್ನಡ. ದಿನಕ್ಕೆ 15 ನಿಮಿಷದ ಒಂದು ವಿಶೇಷ ಓದು ಪಾಠವನ್ನು ಬೇರೆ ಬೇರೆ ದಿನಗಳಲ್ಲಿ ಒಬ್ಬೊಬ್ಬರಿಗೆ ಆರಂಭಿಸಿ, ಅದರ ಪರಿಣಾಮವನ್ನು ನೋಡುವುದು ಉದ್ದೇಶ.

ಮೊದಲ ಹೆಜ್ಜೆ: ಯಾವ ಮಾನದಂಡವನ್ನು ಹಿಡಿಯಬೇಕು

ವರ್ತನೆಗೆ ಸಂಬಂಧಿಸಿದ ಮಧ್ಯಪ್ರವೇಶಗಳ (ಬದಲಾವಣೆ ತರಲೆಂದು ಕೊಡುವ ಪಾಠ ಅಥವಾ ಚಿಕಿತ್ಸೆಗಳ) ಏಕ-ಪ್ರಕರಣ ಅಧ್ಯಯನಗಳಿಗೆ ಇರುವ ಮುಖ್ಯ ವರದಿ ಮಾನದಂಡ ಸ್ಕ್ರೈಬ್. ಸಿಡ್ನಿ ವಿಶ್ವವಿದ್ಯಾಲಯದ ರಾಬಿನ್ ಟೇಟ್ ಅವರ ನೇತೃತ್ವದಲ್ಲಿ ಹಲವು ದೇಶಗಳ ತಜ್ಞರು ಚರ್ಚಿಸಿ ರೂಪಿಸಿದ ಇದು 2016ರಲ್ಲಿ ಒಂದಕ್ಕಿಂತ ಹೆಚ್ಚು ಸಂಶೋಧನಾ ಪತ್ರಿಕೆಗಳಲ್ಲಿ ಏಕಕಾಲಕ್ಕೆ ಪ್ರಕಟವಾಯಿತು. ಇದರಲ್ಲಿ 26 ಅಂಶಗಳಿವೆ: ಶೀರ್ಷಿಕೆ ಮತ್ತು ಸಾರಾಂಶಕ್ಕೆ 2, ಪ್ರಸ್ತಾವನೆಗೆ 2, ವಿಧಾನಕ್ಕೆ 14, ಫಲಿತಾಂಶಕ್ಕೆ 3, ಚರ್ಚೆಗೆ 3, ದಾಖಲೆಗಳಿಗೆ 2. ಅರ್ಧಕ್ಕಿಂತ ಹೆಚ್ಚು ಅಂಶಗಳು ವಿಧಾನದ ಭಾಗದಲ್ಲೇ ಇರುವುದನ್ನು ಗಮನಿಸಿ. ನಿಮ್ಮ ಬರವಣಿಗೆಯ ಶ್ರಮವೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಗಬೇಕು. ಒಬ್ಬ ರೋಗಿಗೆ ಔಷಧವನ್ನು ಕೊಟ್ಟು ನಿಲ್ಲಿಸಿ ಪರೀಕ್ಷಿಸುವ ವೈದ್ಯಕೀಯ ಪ್ರಯೋಗಗಳಿಗೆ ಬೇರೆಯದೇ ಮಾನದಂಡವಿದೆ. ಗುಂಪು ಪ್ರಯೋಗಗಳ ವರದಿಗಿರುವ ಕಾನ್ಸಾರ್ಟ್ ಮಾರ್ಗಸೂಚಿಯ ವಿಸ್ತರಣೆಯಾಗಿ 2015ರಲ್ಲಿ ಬಂದ ಅದರ ಹೆಸರು ಸೆಂಟ್.

ವರದಿಯ ಮಾನದಂಡವೇ ಬೇರೆ, ಗುಣಮಟ್ಟದ ಮಾನದಂಡವೇ ಬೇರೆ. ಸ್ಕ್ರೈಬ್ ನಿಮ್ಮನ್ನು ಕೇಳುವುದು ‘ಏನು ಮಾಡಿದಿರೋ ಅದನ್ನು ಪೂರ್ತಿ ಹೇಳಿದ್ದೀರಾ’ ಎಂದು. ಮಾಡಿದ್ದು ಗಟ್ಟಿಯಾಗಿತ್ತೇ ಎಂಬುದನ್ನು ಅಳೆಯಲು ಅಮೆರಿಕದ ಶಿಕ್ಷಣ ಇಲಾಖೆಯಡಿಯ ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್ 2010ರಲ್ಲಿ ಹೊರತಂದ ವಿನ್ಯಾಸ ಮಾನದಂಡ, ಮತ್ತು 15 ಅಂಶಗಳಿಗೆ ಒಟ್ಟು 30 ಅಂಕ ನೀಡುವ ರಾಬಿಂಟ್ ಮಾಪಕ ಇವೆ. ಅಧ್ಯಯನವನ್ನು ಯೋಜಿಸುವಾಗ ಗುಣಮಟ್ಟದ ಮಾನದಂಡವನ್ನೂ, ಟಿಪ್ಪಣಿ ಇಡುವಾಗ ಮತ್ತು ಬರೆಯುವಾಗ ಸ್ಕ್ರೈಬನ್ನೂ ಎದುರಿಗಿಟ್ಟುಕೊಳ್ಳುವುದು ಸರಿಯಾದ ಕ್ರಮ. 26 ಅಂಶಗಳ ಪಟ್ಟಿಯನ್ನು ವರದಿ ಸಿದ್ಧವಾದ ಮೇಲೆ ತೆರೆದು ಗುರುತು ಹಾಕುತ್ತ ಹೋದರೆ, ಹಾಕಲಾಗದ ಗುರುತುಗಳೇ ಹೆಚ್ಚು ಸಿಗುತ್ತವೆ.

ಎರಡನೇ ಹೆಜ್ಜೆ: ಯೋಜನೆಯನ್ನು ದಿನಾಂಕ ಹಾಕಿ ಬರೆದಿಡುವುದು

ಮೊದಲ ಅಳತೆಗೆ ಮುನ್ನ ಒಂದು ಪ್ರೋಟೋಕಾಲ್ ಬರೆದು, ದಿನಾಂಕ ಹಾಕಿ, ಮಾರ್ಗದರ್ಶಕರ ಸಹಿ ಪಡೆಯಿರಿ. ಸಾಧ್ಯವಾದರೆ ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಂಥ ಉಚಿತ ತಾಣದಲ್ಲಿ ನೋಂದಾಯಿಸಿ. ಚಿಕಿತ್ಸೆಯ ಸ್ವರೂಪದ ಅಧ್ಯಯನವಾದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಬೇಕೇ ಎಂದು ನೈತಿಕ ಸಮಿತಿಯನ್ನು ಕೇಳಿ ತಿಳಿಯಿರಿ. ಪ್ರೋಟೋಕಾಲ್ ಎಲ್ಲಿ ಲಭ್ಯವಿದೆ ಎಂದು ವರದಿಯಲ್ಲಿ ಹೇಳುವುದು ಸ್ಕ್ರೈಬಿನ 25ನೇ ಅಂಶ.

ಈ ದಾಖಲೆಯ ಹೃದಯವೆಂದರೆ ಘಟ್ಟ ಬದಲಿಸುವ, ಅಂದರೆ ಬೇಸ್‌ಲೈನಿನಿಂದ ಪಾಠಕ್ಕೆ ಯಾವಾಗ ದಾಟಬೇಕೆಂಬ ನಿಯಮ. ನಮ್ಮ ಉದಾಹರಣೆಯಲ್ಲಿ ಅದು ಹೀಗಿರಬಹುದು: ‘ಪ್ರತಿ ಮಗುವಿಗೂ ಬೇಸ್‌ಲೈನಿನಲ್ಲಿ ಕನಿಷ್ಠ 5 ಅಳತೆ ತೆಗೆಯಲಾಗುವುದು. ಮೊದಲ ಮಗುವಿನ ಕೊನೆಯ 3 ಅಳತೆಗಳಲ್ಲಿ ಏರುವ ಒಲವು ಕಾಣದಿದ್ದರೆ ಮಾತ್ರ ಪಾಠ ಆರಂಭಿಸಲಾಗುವುದು. ಮೊದಲ ಮಗುವಿನ ಸತತ 3 ಅಳತೆಗಳು ಅವನ ಬೇಸ್‌ಲೈನಿನ ಅತ್ಯಧಿಕ ಅಂಕವನ್ನು ದಾಟಿದ ಮೇಲೆ ಎರಡನೇ ಮಗುವಿಗೆ ಪಾಠ ಆರಂಭಿಸಲಾಗುವುದು.’ ಇದು ದತ್ತಾಂಶವನ್ನು ನೋಡಿಕೊಂಡು ಮುಂದುವರಿಯುವ ಕ್ರಮ. ಇದಕ್ಕೆ ಬದಲಾಗಿ ಆರಂಭದ ದಿನಗಳನ್ನು ಮೊದಲೇ ಚೀಟಿ ಎತ್ತಿ ನಿರ್ಧರಿಸುವ ಯಾದೃಚ್ಛಿಕ ಕ್ರಮವೂ ಇದೆ. ಎರಡಕ್ಕೂ ಅವುಗಳದೇ ಬಲವಿದೆ. ಆದರೆ ಚೀಟಿಯಲ್ಲಿ ಬಂದ ದಿನವನ್ನು ದತ್ತಾಂಶ ನೋಡಿ ಮುಂದೂಡಿದರೆ ಅದು ಯಾದೃಚ್ಛಿಕವಾಗಿ ಉಳಿಯುವುದಿಲ್ಲ. ಹಾಗೆ ಮಾಡಬೇಕಾಗಿ ಬಂದಿದ್ದರೆ ಯಾವ ದಿನ, ಯಾವ ಕಾರಣಕ್ಕೆ ಎಂದು ವರದಿಯಲ್ಲಿ ಬರೆಯಲೇಬೇಕು. ಯೋಜನೆಯಿಂದ ಆದ ಬದಲಾವಣೆಗಳನ್ನು ಹೇಳಲೆಂದೇ ಸ್ಕ್ರೈಬಿನಲ್ಲಿ ಪ್ರತ್ಯೇಕ ಅಂಶವಿದೆ. ಬದಲಾವಣೆ ತಪ್ಪಲ್ಲ, ಮುಚ್ಚಿಡುವುದು ತಪ್ಪು.

ನೈತಿಕ ಅನುಮತಿಯನ್ನೂ ಈ ಹಂತದಲ್ಲೇ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯ ಪ್ರಕಾರ ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ, ತಿಳಿವಳಿಕೆ ಬಂದ ಮಗುವಿನ ಸ್ವಂತ ಸಮ್ಮತಿಯೂ ಬೇಕು. 7 ವರ್ಷ ದಾಟಿದ ಕಿರಿಯ ಮಕ್ಕಳಿಂದ ಮೌಖಿಕವಾಗಿ, 12 ದಾಟಿದವರಿಂದ ಬರಹದಲ್ಲಿ. ಒಪ್ಪಿಗೆ ಪತ್ರವನ್ನು ಯಾವ ಭಾಷೆಯಲ್ಲಿ ಓದಿ ಹೇಳಲಾಯಿತು ಎಂಬುದನ್ನು ನಮ್ಮ ಭಾಗದ ವರದಿಗಳು ತಪ್ಪದೇ ಹೇಳಬೇಕು. ತಾಂಡಾದ ತಾಯಿಯೊಬ್ಬಳಿಗೆ ಗ್ರಾಂಥಿಕ ಕನ್ನಡದ ಪತ್ರ ಓದಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು.

ಮೂರನೇ ಹೆಜ್ಜೆ: ವಿನ್ಯಾಸವನ್ನು ಹೆಸರಿಸಿ, ಏಕೆಂದು ಹೇಳುವುದು

ನಾಲ್ಕು ವಿನ್ಯಾಸ ಕುಟುಂಬಗಳು ಬಳಕೆಯಲ್ಲಿವೆ: ಮಧ್ಯಪ್ರವೇಶವನ್ನು ಹಿಂತೆಗೆದು ಮತ್ತೆ ಕೊಡುವ ಎ-ಬಿ-ಎ-ಬಿ (ಎ ಎಂದರೆ ಬೇಸ್‌ಲೈನ್, ಬಿ ಎಂದರೆ ಮಧ್ಯಪ್ರವೇಶ), ಮಧ್ಯಪ್ರವೇಶವನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ದಿನ ಆರಂಭಿಸುವ ಬಹು-ಬೇಸ್‌ಲೈನ್, ಎರಡು ಕ್ರಮಗಳನ್ನು ವೇಗವಾಗಿ ಅದಲುಬದಲು ಮಾಡುವ ಪರ್ಯಾಯ ವಿನ್ಯಾಸ, ಮತ್ತು ಗುರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ವಿನ್ಯಾಸ. ಓದಲು ಕಲಿತ ಮಗು ಪಾಠ ನಿಲ್ಲಿಸಿದೊಡನೆ ಓದನ್ನು ಮರೆಯುವುದಿಲ್ಲವಾದ್ದರಿಂದ ನಮ್ಮ ಉದಾಹರಣೆಗೆ ಎ-ಬಿ-ಎ-ಬಿ ಹೊಂದುವುದಿಲ್ಲ, ಬಹು-ಬೇಸ್‌ಲೈನೇ ಬೇಕು. ಇಂಥ ಒಂದು ವಾಕ್ಯದ ಸಮರ್ಥನೆ ಸಾಕು. ಆಮೇಲೆ ಘಟ್ಟಗಳ ಸಂಖ್ಯೆ, ಪ್ರತಿ ಘಟ್ಟದ ಅಳತೆಗಳ ಸಂಖ್ಯೆ ಮತ್ತು ಅವಧಿಯನ್ನು ಕೊಡಿ. ಮೇಲೆ ಹೇಳಿದ 2010ರ ವಿನ್ಯಾಸ ಮಾನದಂಡದಂತೆ ಎ-ಬಿ-ಎ-ಬಿಗೆ ಕನಿಷ್ಠ 4 ಘಟ್ಟ, ಬಹು-ಬೇಸ್‌ಲೈನಿಗೆ ಕನಿಷ್ಠ 6 ಘಟ್ಟ ಬೇಕು. ಪ್ರತಿ ಘಟ್ಟದಲ್ಲಿ 5 ಅಳತೆಗಳಿದ್ದರೆ ಪೂರ್ಣ ಮಾನ್ಯತೆ, 3 ಇದ್ದರೆ ಷರತ್ತಿನ ಮಾನ್ಯತೆ. ಕೇವಲ ಎ-ಬಿ ಮಾಡಿದ್ದರೆ ಅದನ್ನು ಪ್ರಯೋಗವೆಂದು ಕರೆಯಬೇಡಿ.

ಬಹು-ಬೇಸ್‌ಲೈನಿನಲ್ಲಿ ಮೂವರೂ ಒಂದೇ ಕಾಲದಲ್ಲಿ ಅಳತೆಗೆ ಒಳಗಾದರೇ ಅಥವಾ ಬೇರೆ ಬೇರೆ ತಿಂಗಳಲ್ಲೇ ಎಂಬುದನ್ನು ಸ್ಪಷ್ಟಪಡಿಸಬೇಕು. ಯಾದೃಚ್ಛಿಕ ಆಯ್ಕೆ ಮಾಡಿದ್ದರೆ ಏನನ್ನು ಚೀಟಿಗೆ ಹಾಕಿದಿರಿ, ಯಾರು ಎತ್ತಿದರು ಎಂಬುದನ್ನೂ ಬರೆಯಬೇಕು. ಮಾಡದಿದ್ದರೆ ‘ಮಾಡಿಲ್ಲ’ ಎಂದು ಬರೆಯಬೇಕು. ಅಳೆಯುವವರಿಗೆ ಈಗ ಯಾವ ಘಟ್ಟ ನಡೆಯುತ್ತಿದೆ ಎಂಬುದು ಗೊತ್ತಿತ್ತೇ ಎನ್ನುವ ಅಂಶವನ್ನು ಬಹಳ ವರದಿಗಳು ಮೌನವಾಗಿ ದಾಟುತ್ತವೆ. ಪಾಠ ಮಾಡುವವರಿಂದ ಇದನ್ನು ಮುಚ್ಚಿಡಲಾಗದು, ಆದರೆ ಧ್ವನಿಮುದ್ರಣಗಳನ್ನು ದಿನಾಂಕ ತೆಗೆದು, ಕಲೆಸಿ, ಬೇರೊಬ್ಬರಿಗೆ ಅಂಕ ಹಾಕಲು ಕೊಡುವುದು ಒಂದು ಮೊಬೈಲ್ ಫೋನಿದ್ದರೆ ಆಗುವ ಕೆಲಸ.

ನಾಲ್ಕನೇ ಹೆಜ್ಜೆ: ಮಗು ಮತ್ತು ಸ್ಥಳ

ಮಗುವಿನ ವಯಸ್ಸು, ಲಿಂಗ, ತರಗತಿ, ಆರಂಭದ ಸಾಮರ್ಥ್ಯ, ರೋಗನಿರ್ಣಯವಿದ್ದರೆ ಅದನ್ನು ಯಾರು ಯಾವ ಪರೀಕ್ಷೆಯಿಂದ ಮಾಡಿದರು ಎಂಬುದು ಎಲ್ಲ ಕಡೆ ಬೇಕಾದ ವಿವರ. ಆಯ್ಕೆಯ ಮಾನದಂಡವನ್ನೂ, ಆಯ್ಕೆಯಾಗಿ ಆಮೇಲೆ ಬಿಟ್ಟುಹೋದವರ ಸಂಗತಿಯನ್ನೂ ಹೇಳಬೇಕು. ನಮ್ಮ ಜಿಲ್ಲೆಗಳಲ್ಲಿ ಇವುಗಳಿಗೆ ಇನ್ನೂ ಕೆಲವನ್ನು ಸೇರಿಸಬೇಕಾಗುತ್ತದೆ. ಮನೆಮಾತು ಮತ್ತು ಶಾಲೆಯ ಮಾತು ಬೇರೆಯಾಗಿರುವ ಮಕ್ಕಳು ಇಲ್ಲಿ ವಿರಳವಲ್ಲ: ಸೇಡಂ, ಗುರುಮಠಕಲ್ ಕಡೆ ತೆಲುಗು, ಆಳಂದ ಮತ್ತು ಬೀದರ್ ಜಿಲ್ಲೆಯ ಗಡಿಯಲ್ಲಿ ಮರಾಠಿ, ಪಟ್ಟಣಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಓದು ಅಥವಾ ಮಾತಿಗೆ ಸಂಬಂಧಿಸಿದ ಅಧ್ಯಯನದಲ್ಲಿ ಈ ಮಾಹಿತಿ ಇಲ್ಲದಿದ್ದರೆ ಇನ್ನೊಂದು ಊರಿನ ಶಿಕ್ಷಕರಿಗೆ ಫಲಿತಾಂಶ ತಮ್ಮ ಮಕ್ಕಳಿಗೆ ಹೊಂದುತ್ತದೆಯೇ ಎಂದು ತಿಳಿಯುವ ದಾರಿಯೇ ಇಲ್ಲ.

ಹಾಜರಾತಿ ಇನ್ನೊಂದು. ಕುಟುಂಬ ಮುಂಬೈಗೋ ಪುಣೆಗೋ ಬೆಂಗಳೂರಿಗೋ ಗುಳೆ ಹೋದಾಗ ಮಗುವೂ ಹೋಗುತ್ತದೆ. ತೊಗರಿ ರಾಶಿಯ ಕಾಲ, ಎಳ್ಳ ಅಮಾವಾಸ್ಯೆ, ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಬೇಸಿಗೆಯಲ್ಲಿ ಬದಲಾಗುವ ವೇಳೆ, ಇವೆಲ್ಲ ಅಳತೆಗಳ ನಡುವೆ ಅಂತರ ತರುತ್ತವೆ. ಇವನ್ನು ಅಡಚಣೆಯೆಂದು ಮರೆಮಾಚುವ ಬದಲು ಸ್ಥಳದ ವಿವರಣೆಯಲ್ಲೂ ನಕ್ಷೆಯಲ್ಲೂ ದಾಖಲಿಸಬೇಕು. ಪಾಠ ನಡೆದದ್ದು ತರಗತಿಯಲ್ಲೋ ವರಾಂಡದಲ್ಲೋ, ಬೆಳಗಿನ ಹೊತ್ತೋ ಬಿಸಿಯೂಟದ ನಂತರವೋ, ಅಲ್ಲಿ ಇನ್ನಾರು ಇದ್ದರು ಎಂಬುದನ್ನೂ ಒಂದೆರಡು ವಾಕ್ಯದಲ್ಲಿ ತಿಳಿಸಿ.

ವಿವರ ಹೆಚ್ಚಿದಷ್ಟೂ ಮಗುವಿನ ಗುರುತು ಬಯಲಾಗುವ ಅಪಾಯ ಹೆಚ್ಚುತ್ತದೆ. ಚಿಕ್ಕ ಊರಿನಲ್ಲಿ ‘ಇಂಥ ತಾಂಡಾದ ಶಾಲೆಯ ನಾಲ್ಕನೇ ತರಗತಿಯ, ಡೌನ್ ಸಿಂಡ್ರೋಮ್ ಇರುವ ಹುಡುಗಿ’ ಎಂದರೆ ಹೆಸರು ಬರೆಯದಿದ್ದರೂ ಇಡೀ ಊರಿಗೆ ಅದು ಯಾರೆಂದು ತಿಳಿಯುತ್ತದೆ. ಜಿಲ್ಲೆಯ ಮಟ್ಟದಲ್ಲಿ ನಿಲ್ಲಿಸಿ. ಊರು, ಶಾಲೆ, ಜನ್ಮದಿನಾಂಕ ಬೇಡ. ಮನೆಮಾತು, ಹಾಜರಾತಿ, ಸಾಮರ್ಥ್ಯದಂಥ ವೈಜ್ಞಾನಿಕವಾಗಿ ಬೇಕಾದ ವಿವರವನ್ನು ಉಳಿಸಿಕೊಂಡು, ವಿಳಾಸದಂತೆ ಕೆಲಸ ಮಾಡುವ ವಿವರವನ್ನು ಬಿಡಿ.

ಐದನೇ ಹೆಜ್ಜೆ: ಏನನ್ನು ಅಳೆದಿರಿ ಎಂಬ ವ್ಯಾಖ್ಯಾನ

ಇಡೀ ವರದಿಯಲ್ಲಿ ಹೆಚ್ಚು ಯೋಚನೆ ಬೇಡುವ ಭಾಗ ಇದು. ‘ಮಗುವಿನ ಓದುವ ಸಾಮರ್ಥ್ಯವನ್ನು ಅಳೆಯಲಾಯಿತು’ ಎಂಬ ವಾಕ್ಯ ಏನನ್ನೂ ಹೇಳುವುದಿಲ್ಲ. ಒತ್ತಕ್ಷರವಿರುವ 40 ಪದಗಳ ಪಟ್ಟಿಯನ್ನು ಮಗುವಿನ ಮುಂದಿಟ್ಟು, ಪ್ರತಿ ಪದಕ್ಕೆ 5 ಸೆಕೆಂಡು ಕಾದು, ಸರಿಯಾಗಿ ಓದಿದ ಪದಗಳನ್ನು ಎಣಿಸಲಾಯಿತು ಎಂದರೆ ಅಳತೆಯ ಚೌಕಟ್ಟು ಸಿಕ್ಕಿತು. ಆದರೆ ‘ಸರಿಯಾಗಿ’ ಎಂದರೇನು?

ನಮ್ಮ ಕಡೆಯ ಮಗು ‘ಶಾಲೆ’ ಎಂದು ಬರೆದಿದ್ದನ್ನು ‘ಸಾಲಿ’ ಎಂದು ಓದಬಹುದು, ‘ಮನೆ’ಯನ್ನು ‘ಮನಿ’ ಎನ್ನಬಹುದು. ಅದು ಅಕ್ಷರವನ್ನು ಗುರುತಿಸದ ತಪ್ಪಲ್ಲ, ಮನೆಯಲ್ಲಿ ಆಡುವ ಮಾತು. ‘ಭಕ್ತ’ ಎಂಬುದನ್ನು ಮಹಾಪ್ರಾಣವಿಲ್ಲದೆ ‘ಬಕ್ತ’ ಎಂದು ಓದಿದರೆ ಒತ್ತಕ್ಷರ ಸರಿಯಾಗಿಯೇ ಇದೆ. ‘ಭಕತ’ ಎಂದು ಓದಿದರೆ ಒತ್ತಕ್ಷರವೇ ಬಿಟ್ಟುಹೋಗಿದೆ. ಅಧ್ಯಯನದ ಗುರಿ ಒತ್ತಕ್ಷರದ ಓದಾಗಿರುವುದರಿಂದ ಮೊದಲ ಮೂರನ್ನು ಸರಿ ಎಂದೂ ಕೊನೆಯದನ್ನು ತಪ್ಪು ಎಂದೂ ಎಣಿಸುವುದು ನನ್ನ ತೀರ್ಮಾನ. ಬೇರೊಬ್ಬರು ಬೇರೆ ತೀರ್ಮಾನಕ್ಕೆ ಬರಬಹುದು. ತೀರ್ಮಾನ ಯಾವುದೇ ಆಗಿರಲಿ, ಬೇಸ್‌ಲೈನಿಗೆ ಮುನ್ನ ಅದನ್ನು ಉದಾಹರಣೆ ಸಹಿತ ಬರೆದಿಟ್ಟು, ವರದಿಯಲ್ಲಿ ಹಾಗೆಯೇ ಕೊಡಬೇಕು. ಇಲ್ಲವಾದರೆ ಬೇಸ್‌ಲೈನಿನಲ್ಲಿ ‘ಬಕ್ತ’ ತಪ್ಪಾಗಿ, ಪಾಠ ಶುರುವಾದ ಮೇಲೆ ಅದೇ ‘ಬಕ್ತ’ ಸರಿಯಾಗಿ ಎಣಿಕೆಯಾಗುವ ಸಾಧ್ಯತೆ ಇದೆ. ಅಳೆಯುವವರಿಗೆ ಮಗುವಿನ ಮೇಲಿನ ಪ್ರೀತಿಯೇ ಇದಕ್ಕೆ ಸಾಕು. ಮಗು ತಾನೇ ತಿದ್ದಿಕೊಂಡರೆ ಏನು, ಪದವನ್ನು ಅಕ್ಷರ ಅಕ್ಷರವಾಗಿ ಓದಿದರೆ ಏನು, ಇವಕ್ಕೂ ನಿಯಮ ಬೇಕು.

ಪ್ರತಿ ದಿನ ಅದೇ 40 ಪದಗಳೇ, ಅಥವಾ ದೊಡ್ಡ ಪಟ್ಟಿಯಿಂದ ಆರಿಸಿದವೇ ಎಂಬುದನ್ನು ಹೇಳಿ. ಅದೇ ಪಟ್ಟಿಯಾದರೆ ಮಗು ಓದದೆ ಬಾಯಿಪಾಠದಿಂದ ಹೇಳುವ ಸಂಭವವಿದೆ. ಪಾಠದಲ್ಲಿ ಕಲಿಸಿದ ಪದಗಳನ್ನೂ ಕಲಿಸದ ಪದಗಳನ್ನೂ ಬೇರೆ ಬೇರೆ ಎಣಿಸಿದರೆ ಕಲಿಕೆ ಹೊಸ ಪದಗಳಿಗೂ ಹರಡಿತೇ ಎಂದು ತೋರಿಸಬಹುದು. ಬಳಸಿದ ಸಾಮಗ್ರಿ, ಫೋನಿನ ಧ್ವನಿಮುದ್ರಣ, ಗಡಿಯಾರ ಇತ್ಯಾದಿ ಉಪಕರಣಗಳಿಗೆ ಒಂದು ವಾಕ್ಯ ಮೀಸಲಿಡಿ.

ಆರನೇ ಹೆಜ್ಜೆ: ಇಬ್ಬರು ವೀಕ್ಷಕರ ನಡುವಿನ ಹೊಂದಾಣಿಕೆ

ಒಬ್ಬರೇ ಅಳೆದ ಸಂಖ್ಯೆಗೆ ಸಾಕ್ಷಿ ಬೇಕು. ಪ್ರತಿ ಘಟ್ಟದಲ್ಲೂ ಕನಿಷ್ಠ ಶೇ. 20ರಷ್ಟು ಅಳತೆಗಳನ್ನು ಇನ್ನೊಬ್ಬರು ಸ್ವತಂತ್ರವಾಗಿ ಅಳೆಯಬೇಕು. ಹೊಂದಾಣಿಕೆ ಕನಿಷ್ಠ ಶೇ. 80 ಇರಬೇಕು, ಆಕಸ್ಮಿಕ ಒಪ್ಪಿಗೆಯನ್ನು ಕಳೆದು ಲೆಕ್ಕ ಹಾಕುವ ಕಪ್ಪಾ ಸೂಚಕವನ್ನು ಬಳಸಿದರೆ ಕನಿಷ್ಠ 0.60. ಒಟ್ಟು ಅಧ್ಯಯನದ ಶೇ. 20 ಎಂದು ಲೆಕ್ಕ ಹಾಕಿ, ಎಲ್ಲವನ್ನೂ ಪಾಠದ ಘಟ್ಟದಲ್ಲೇ ಮುಗಿಸಿಬಿಡುವುದು ಸಲ್ಲದು.

ಯಾವ ಸೂತ್ರದಿಂದ ಲೆಕ್ಕ ಹಾಕಿದಿರಿ ಎಂದು ಹೇಳದೆ ಕೇವಲ ‘ಹೊಂದಾಣಿಕೆ ಶೇ. 90’ ಎಂದು ಬರೆಯುವುದು ಓದುಗರನ್ನು ಕತ್ತಲೆಯಲ್ಲಿಡುತ್ತದೆ. ಇಬ್ಬರು ವೀಕ್ಷಕರೂ 40ರಲ್ಲಿ 28 ಪದ ಸರಿ ಎಂದು ಎಣಿಸಿದ್ದಾರೆ ಎನ್ನಿ. ಒಟ್ಟು ಸಂಖ್ಯೆಯ ಪ್ರಕಾರ ಹೊಂದಾಣಿಕೆ ಶೇ. 100. ಆದರೆ ಆ 28 ಪದಗಳು ಒಂದೇ ಅಲ್ಲದಿರಬಹುದು. ಪದಪದವಾಗಿ ಹೋಲಿಸಿದಾಗ 36ರಲ್ಲಿ ಮಾತ್ರ ಒಪ್ಪಿಗೆ ಇದ್ದರೆ ನಿಜವಾದ ಹೊಂದಾಣಿಕೆ ಶೇ. 90.

ವಿರಳವಾಗಿ ನಡೆಯುವ ವರ್ತನೆಗಳಲ್ಲಿ ಈ ಮೋಸ ಇನ್ನೂ ಆಳಕ್ಕೆ ಹೋಗುತ್ತದೆ. ಪಾಠದ ವೇಳೆ ಮಗು ಜಾಗ ಬಿಟ್ಟು ಏಳುವುದನ್ನು 30 ಕಾಲಖಂಡಗಳಲ್ಲಿ ಗಮನಿಸಲಾಗಿದೆ ಎಂದುಕೊಳ್ಳಿ. ಒಬ್ಬರು 4 ಮತ್ತು 19ನೇ ಖಂಡಕ್ಕೆ ಗುರುತು ಹಾಕಿದ್ದಾರೆ, ಇನ್ನೊಬ್ಬರು 7 ಮತ್ತು 22ಕ್ಕೆ. ವರ್ತನೆ ನಡೆಯಿತೆಂಬ ಒಂದೇ ಒಂದು ಖಂಡದಲ್ಲೂ ಇಬ್ಬರಿಗೂ ಒಪ್ಪಿಗೆಯಿಲ್ಲ. ಆದರೂ 26 ಖಂಡಗಳಲ್ಲಿ ಇಬ್ಬರೂ ಖಾಲಿ ಬಿಟ್ಟಿರುವುದರಿಂದ ಹೊಂದಾಣಿಕೆ 26 ಭಾಗಿಸು 30, ಅಂದರೆ ಶೇ. 87 ಎಂದು ಬರುತ್ತದೆ! ಆಕಸ್ಮಿಕ ಒಪ್ಪಿಗೆಯನ್ನು ಕಳೆಯುವ ಕಪ್ಪಾ ಲೆಕ್ಕ ಹಾಕಿದರೆ ಉತ್ತರ ಸೊನ್ನೆಗಿಂತಲೂ ಕೆಳಗೆ, ಸುಮಾರು -0.07. ಆದ್ದರಿಂದ ವಿರಳ ವರ್ತನೆಗೆ ‘ನಡೆಯಿತು’ ಎಂಬ ಖಂಡಗಳ ಹೊಂದಾಣಿಕೆಯನ್ನು ಬೇರೆಯಾಗಿ, ಅಥವಾ ಕಪ್ಪಾವನ್ನು ವರದಿ ಮಾಡಿ. ಪ್ರತಿ ಮಗುವಿಗೆ, ಪ್ರತಿ ಘಟ್ಟಕ್ಕೆ ಸರಾಸರಿಯ ಜೊತೆ ಕನಿಷ್ಠ-ಗರಿಷ್ಠ ಮಿತಿಯನ್ನೂ ಕೊಡಿ. ಎರಡನೇ ವೀಕ್ಷಕರಿಗೆ ಹೇಗೆ ತರಬೇತಿ ಕೊಡಲಾಯಿತು, ಅವರಿಗೆ ಮಗುವಿನ ಮನೆಮಾತು ಅರ್ಥವಾಗುತ್ತಿತ್ತೇ ಎಂಬುದೂ ಇಲ್ಲಿ ಸೇರಲಿ.

ಏಳನೇ ಹೆಜ್ಜೆ: ಏನು ಮಾಡಿದಿರಿ, ಹೇಳಿದಂತೆ ಮಾಡಿದಿರೇ

ಅನ್ವಯಿಕ ವರ್ತನಾ ವಿಶ್ಲೇಷಣೆಯ ಪತ್ರಿಕೆ 1968ರಲ್ಲಿ ಆರಂಭವಾದಾಗ ಅದರ ಮೊದಲ ಸಂಚಿಕೆಯಲ್ಲೇ ಡೊನಾಲ್ಡ್ ಬೇರ್, ಮಾಂಟ್ರೋಸ್ ವುಲ್ಫ್ ಮತ್ತು ಟಾಡ್ ರಿಸ್ಲಿ ಈ ಕ್ಷೇತ್ರಕ್ಕೆ ಏಳು ಲಕ್ಷಣಗಳನ್ನು ಹೇಳಿದರು. ಅವುಗಳಲ್ಲಿ ಒಂದು, ಕಾರ್ಯವಿಧಾನವನ್ನು ತರಬೇತಾದ ಓದುಗರು ವಿವರಣೆಯೊಂದನ್ನೇ ಓದಿ ಮತ್ತೆ ಮಾಡುವಷ್ಟು ಪೂರ್ಣವಾಗಿ ಬರೆಯಬೇಕು ಎಂಬುದು. ಅಂದಿನಿಂದ ಇಂದಿನವರೆಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಬಂದಿಲ್ಲ. ನಿಮ್ಮ ವಿವರಣೆಯನ್ನು ಅಧ್ಯಯನದ ಬಗ್ಗೆ ಏನೂ ತಿಳಿಯದ ಒಬ್ಬ ಸಹೋದ್ಯೋಗಿಗೆ ಕೊಟ್ಟು, ಅದನ್ನು ಓದಿ ಒಂದು ಪಾಠ ಮಾಡಿ ತೋರಿಸಲು ಕೇಳಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ವಾಕ್ಯ ಸೇರಿಸಬೇಕಿದೆ. ಮಧ್ಯಪ್ರವೇಶದ ವಿವರಣೆಗೆಂದೇ 2014ರಲ್ಲಿ ಬಂದ ಟೈಡಿಯರ್ ಪಟ್ಟಿಯ 12 ಅಂಶಗಳೂ ನೆರವಾಗುತ್ತವೆ: ಯಾರು, ಎಲ್ಲಿ, ಏನು, ಹೇಗೆ, ಎಷ್ಟು ಸಲ, ಎಷ್ಟು ಹೊತ್ತು.

ಬೇಸ್‌ಲೈನನ್ನೂ ಇಷ್ಟೇ ಜಾಗ್ರತೆಯಿಂದ ವಿವರಿಸಬೇಕು. ‘ಎಂದಿನಂತೆ ಪಾಠ ನಡೆಯಿತು’ ಎಂದರೆ ಸಾಲದು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿಯವರೆಗೆ ನಲಿ-ಕಲಿ ಪದ್ಧತಿ ಇದೆ, 4ರಿಂದ ಪಠ್ಯಪುಸ್ತಕದ ಪಾಠ. ಮಗು ಯಾವ ಪದ್ಧತಿಯಿಂದ ಬಂದಿದೆ, ಬೇಸ್‌ಲೈನಿನ ದಿನಗಳಲ್ಲಿ ತರಗತಿಯಲ್ಲಿ ಕನ್ನಡ ಓದಿಗೆ ಏನು ನಡೆಯುತ್ತಿತ್ತು, ಮಗು ತಪ್ಪು ಓದಿದಾಗ ಯಾರಾದರೂ ತಿದ್ದುತ್ತಿದ್ದರೇ ಎಂಬುದು ಗೊತ್ತಿಲ್ಲದೆ ಹೋಲಿಕೆಗೆ ಅರ್ಥವಿಲ್ಲ.

ಕ್ರಮಪಾಲನೆಗೆ, ಅಂದರೆ ಪಾಠ ಯೋಜಿಸಿದಂತೆಯೇ ನಡೆಯಿತೇ ಎಂದು ತಿಳಿಯಲು, ಪಾಠದ ಹಂತಗಳನ್ನು ಪಟ್ಟಿ ಮಾಡಿ, ಇನ್ನೊಬ್ಬರು ನೋಡಿ ಗುರುತು ಹಾಕುವಂತೆ ಮಾಡಿ. 10 ಹಂತಗಳಲ್ಲಿ 9 ನಡೆದರೆ ಆ ದಿನದ ಕ್ರಮಪಾಲನೆ ಶೇ. 90. ಬೇಸ್‌ಲೈನಿನಲ್ಲಿ ಹೊಸ ಪಾಠದ ಯಾವ ಅಂಶವೂ ನುಸುಳಲಿಲ್ಲ ಎಂಬುದನ್ನೂ ಹೀಗೆಯೇ ಪರಿಶೀಲಿಸಬೇಕು. ಒಂದೇ ಕೊಠಡಿಯಲ್ಲಿ ಮೂವರು ಮಕ್ಕಳೂ ಕುಳಿತಿರುವಾಗ ಮೊದಲ ಮಗುವಿನ ಪಾಠ ಮೂರನೆಯದರ ಕಿವಿಗೆ ಬೀಳುವುದು ಸಹಜ. ಅದನ್ನು ಹೇಗೆ ತಡೆದಿರಿ ಎಂದು ಬರೆಯಿರಿ.

ಎಂಟನೇ ಹೆಜ್ಜೆ: ನಕ್ಷೆ

ಏಕ-ಪ್ರಕರಣ ವರದಿಯ ಮುಖ್ಯ ಸಾಕ್ಷ್ಯ ನಕ್ಷೆಯೇ. ಪ್ರತಿ ಅಳತೆಯೂ ಒಂದು ಬಿಂದುವಾಗಿ ಕಾಣಬೇಕು. ವಾರದ ಸರಾಸರಿಗಳನ್ನು ಹಾಕಬೇಡಿ. ಘಟ್ಟಗಳ ನಡುವೆ ಲಂಬ ಗೆರೆ ಎಳೆದು, ಆ ಗೆರೆಯನ್ನು ದಾಟಿ ಬಿಂದುಗಳನ್ನು ಜೋಡಿಸಬೇಡಿ. ಅಳತೆ ತಪ್ಪಿದ ದಿನವನ್ನು ಖಾಲಿ ಬಿಟ್ಟು, ಅದರ ಎರಡು ಬದಿಯ ಬಿಂದುಗಳನ್ನೂ ಸೇರಿಸದಿರಿ. ಬಹು-ಬೇಸ್‌ಲೈನಿನ ಮೂರು ನಕ್ಷೆಗಳನ್ನು ಒಂದರ ಕೆಳಗೊಂದಿಟ್ಟು, ಮೂರಕ್ಕೂ ಒಂದೇ ಲಂಬ ಮಾಪನ ಕೊಡಿ. 40 ಪದಗಳ ಪಟ್ಟಿಯಾದರೆ ಅಕ್ಷ 0ಯಿಂದ 40ರವರೆಗೆ ಇರಲಿ.

ಅಡ್ಡ ಅಕ್ಷದಲ್ಲಿ ಪಾಠದ ಕ್ರಮಸಂಖ್ಯೆ ಹಾಕುವುದು ರೂಢಿ. ಶಾಲೆಗೆ ಮಗು ಸತತವಾಗಿ ಬರುವಲ್ಲಿ ಅದು ನಡೆಯುತ್ತದೆ. ಹಬ್ಬ, ರಾಶಿ, ಗುಳೆಯ ಕಾರಣ ಎರಡು ಅಳತೆಗಳ ನಡುವೆ ವಾರಗಟ್ಟಲೆ ಅಂತರ ಬೀಳುವ ನಮ್ಮ ಕಡೆ, 8 ಮತ್ತು 9ನೇ ಪಾಠಗಳು ಪಕ್ಕಪಕ್ಕದಲ್ಲಿ ಕಂಡರೆ ಓದುಗರಿಗೆ ತಪ್ಪು ಚಿತ್ರ ಸಿಗುತ್ತದೆ. ಆದ್ದರಿಂದ ಮೊದಲ ಅಳತೆಯಿಂದ ಎಣಿಸಿದ ದಿನಗಳ ಅಕ್ಷವನ್ನೇ ಬಳಸಿ, ದೀರ್ಘ ಅಂತರಗಳಿಗೆ ಕಾರಣವನ್ನು ನಕ್ಷೆಯ ಮೇಲೆಯೇ ಗುರುತಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ಒಂಬತ್ತನೇ ಹೆಜ್ಜೆ: ವಿಶ್ಲೇಷಣೆ

ದೃಶ್ಯ ವಿಶ್ಲೇಷಣೆಯಲ್ಲಿ ನೋಡಬೇಕಾದ ಸಂಗತಿಗಳು ಆರು: ಪ್ರತಿ ಘಟ್ಟದ ಮಟ್ಟ, ಒಲವು, ಏರಿಳಿತ, ಘಟ್ಟ ಬದಲಾದೊಡನೆ ಪರಿಣಾಮ ಎಷ್ಟು ಬೇಗ ಕಂಡಿತು, ಘಟ್ಟಗಳ ದತ್ತಾಂಶ ಎಷ್ಟು ಒಂದರ ಮೇಲೊಂದು ಬೀಳುತ್ತದೆ, ಮತ್ತು ಒಂದೇ ಬಗೆಯ ಘಟ್ಟಗಳಲ್ಲಿ ಒಂದೇ ಬಗೆಯ ಚಿತ್ರ ಕಾಣುತ್ತದೆಯೇ ಎಂಬುದು. ‘ನಕ್ಷೆಯಿಂದ ಸುಧಾರಣೆ ಸ್ಪಷ್ಟ’ ಎಂಬ ವಾಕ್ಯ ಇದಕ್ಕೆ ಬದಲಿಯಾಗದು.

ಸಂಖ್ಯೆಯ ಪರಿಣಾಮ ಸೂಚಕವನ್ನು ಕೊಡುವಾಗ ಅದರ ಹೆಸರು, ಏಕೆ ಆರಿಸಿದಿರಿ, ಏನನ್ನು ಅದು ಹೇಳುವುದಿಲ್ಲ, ಇವು ಮೂರನ್ನೂ ತಿಳಿಸಿ. ಒಂದು ಮಗುವಿನ ಬೇಸ್‌ಲೈನ್ ಅಂಕಗಳು 6, 8, 7, 7, 8. ಪಾಠದ ಘಟ್ಟದವು 8, 11, 13, 14, 16 ಎನ್ನಿ. ಬೇಸ್‌ಲೈನಿನ ಅತ್ಯಧಿಕ ಅಂಕ 8ನ್ನು ಮೀರಿದ ಬಿಂದುಗಳು ಐದರಲ್ಲಿ ನಾಲ್ಕು. ಹಳೆಯ ಅತಿಕ್ರಮಿಸದ ಬಿಂದುಗಳ ಸೂಚಕದಂತೆ ಇದು ಶೇ. 80. ನ್ಯಾಪ್ ಸೂಚಕದಲ್ಲಿ ಪ್ರತಿ ಬೇಸ್‌ಲೈನ್ ಬಿಂದುವನ್ನೂ ಪ್ರತಿ ಪಾಠದ ಬಿಂದುವಿನೊಂದಿಗೆ ಹೋಲಿಸಿದರೆ 25 ಜೋಡಿಗಳು. 23ರಲ್ಲಿ ಪಾಠದ ಅಂಕ ಹೆಚ್ಚು, 2ರಲ್ಲಿ ಸಮ. ಸಮ ಜೋಡಿಗೆ ಅರ್ಧ ಎಣಿಸಿದರೆ 24 ಭಾಗಿಸು 25, ಅಂದರೆ 0.96. ಅದೇ ದತ್ತಾಂಶ, ಎರಡು ಸಂಖ್ಯೆ. ಎರಡೂ ಸುಧಾರಣೆಯ ಗಾತ್ರವನ್ನು ಹೇಳುವುದಿಲ್ಲ: 16ರ ಜಾಗದಲ್ಲಿ 36 ಇದ್ದರೂ ಇವು ಬದಲಾಗುವುದಿಲ್ಲ. ಬೇಸ್‌ಲೈನಿನಲ್ಲೇ ಏರುವ ಒಲವಿದ್ದರೆ ಅದನ್ನೂ ಇವು ಗಮನಿಸುವುದಿಲ್ಲ. ಅಂಥಲ್ಲಿ ಒಲವನ್ನು ಸರಿಹೊಂದಿಸುವ ಟೌ-ಯುನಂಥ ಸೂಚಕ ಬೇಕು.

ಎರಡು ಸರಾಸರಿಗಳನ್ನು ಹೋಲಿಸುವ ಸಾಮಾನ್ಯ ಟಿ-ಪರೀಕ್ಷೆ ಇಲ್ಲಿ ಸಲ್ಲದು. ಒಂದೇ ಮಗುವಿನ ನಿನ್ನೆಯ ಅಂಕಕ್ಕೂ ಇಂದಿನ ಅಂಕಕ್ಕೂ ಸಂಬಂಧವಿರುವುದರಿಂದ ಅಳತೆಗಳು ಪರಸ್ಪರ ಸ್ವತಂತ್ರವೆಂಬ ಅದರ ಆಧಾರವೇ ಕುಸಿಯುತ್ತದೆ. ಚೀಟಿಯಲ್ಲಿ ಬರಬಹುದಾಗಿದ್ದ ಎಲ್ಲ ಸಾಧ್ಯತೆಗಳೊಂದಿಗೆ ನಿಜವಾದ ಫಲಿತಾಂಶವನ್ನು ಹೋಲಿಸುವ ಯಾದೃಚ್ಛೀಕರಣ ಪರೀಕ್ಷೆ ಒಂದು ದಾರಿ, ಆದರೆ ಅದರ ಲೆಕ್ಕವನ್ನು ಯೋಜನೆಯಲ್ಲೇ ಮಾಡಿರಬೇಕು. ಮೂವರು ಮಕ್ಕಳ ಸರದಿಯನ್ನು ಮಾತ್ರ ಚೀಟಿ ಎತ್ತಿದ್ದರೆ ಸಾಧ್ಯ ಕ್ರಮಗಳು 6, ಆದ್ದರಿಂದ ಸಿಗಬಹುದಾದ ಅತ್ಯಲ್ಪ ಸಂಭವನೀಯತೆ 1/6, ಸುಮಾರು 0.17; ಫಲಿತಾಂಶ ಎಷ್ಟೇ ಉಜ್ವಲವಾಗಿದ್ದರೂ ರೂಢಿಯ ಮಿತಿಯಾದ 0.05 ತಲುಪಲಾಗದು. ಪ್ರತಿ ಮಗುವಿಗೂ 3 ಸಾಧ್ಯ ಆರಂಭ ದಿನಗಳಲ್ಲಿ ಒಂದನ್ನು ಚೀಟಿಯಿಂದ ಆರಿಸಿದ್ದರೆ 27 ಸಾಧ್ಯತೆಗಳು, ಅತ್ಯಲ್ಪ ಮೌಲ್ಯ 0.037.

ಹತ್ತನೇ ಹೆಜ್ಜೆ: ಫಲಿತಾಂಶ ಮತ್ತು ಚರ್ಚೆ

ಪ್ರತಿ ಮಗುವೂ ಎಷ್ಟು ಪಾಠಗಳನ್ನು ಪೂರ್ಣಗೊಳಿಸಿತು, ಯಾರು ಎಲ್ಲಿ ನಿಂತರು, ಏಕೆ ಎಂಬುದರಿಂದ ಆರಂಭಿಸಿ. ಆಮೇಲೆ ಮಕ್ಕಳ ಫಲಿತಾಂಶವನ್ನು ಒಬ್ಬೊಬ್ಬರದಾಗಿ ಕೊಡಿ. ಪರಿಣಾಮ ಕಾಣದ ಮಗುವಿನ ನಕ್ಷೆಯನ್ನು ಬಿಡುವ ಹಕ್ಕು ಸಂಶೋಧಕರಿಗಿಲ್ಲ. ಯಾವ ಮಗುವಿಗೆ ಕ್ರಮ ಫಲಿಸಲಿಲ್ಲ ಎಂಬ ಮಾಹಿತಿ ಮುಂದಿನ ಶಿಕ್ಷಕರಿಗೆ ಯಶಸ್ಸಿನಷ್ಟೇ ಉಪಯುಕ್ತ. ಮಗು ಅತ್ತದ್ದು, ಪಾಠಕ್ಕೆ ಬರಲು ನಿರಾಕರಿಸಿದ್ದು, ಗೆಳೆಯರು ಅಣಕಿಸಿದ್ದು, ಇವು ಪ್ರತಿಕೂಲ ಘಟನೆಗಳು. ಅಂಥದ್ದು ಆಗದಿದ್ದರೆ ಆಗಲಿಲ್ಲ ಎಂದೇ ಬರೆಯಬೇಕು.

ಚರ್ಚೆಯಲ್ಲಿ ಮೂವರು ಮಕ್ಕಳಿಂದ ಇಡೀ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಜಿಗಿಯಬೇಡಿ. ಒಂದು ಕ್ರಮವನ್ನು ಸಾಕ್ಷ್ಯಾಧಾರಿತವೆನ್ನಲು 5 ಅಧ್ಯಯನಗಳು, 3 ಬೇರೆ ಬೇರೆ ಸಂಶೋಧನಾ ತಂಡಗಳು, ಒಟ್ಟು 20 ಪ್ರಕರಣಗಳು ಬೇಕೆಂಬ ರೂಢಿಯ ಮಿತಿ ಇದೆ. ನಿಮ್ಮದು ಅವುಗಳಲ್ಲಿ ಒಂದಾಗಬಲ್ಲದು. ಬೀದರಿನಲ್ಲಿ ಒಬ್ಬರು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬರು ಅದನ್ನೇ ಮತ್ತೆ ಮಾಡಬಲ್ಲಂತೆ ಬರೆದಿದ್ದರೆ ಮಾತ್ರ.

ಕೊನೆಯ ಹೆಜ್ಜೆ: ಶೀರ್ಷಿಕೆ, ಸಾರಾಂಶ, ಅನುಬಂಧ

ಶೀರ್ಷಿಕೆಯಲ್ಲಿ ಏಕ-ಪ್ರಕರಣ ವಿನ್ಯಾಸವೆಂಬ ಮಾತು ಇರಲಿ. ಇಲ್ಲದಿದ್ದರೆ ಹುಡುಕುವವರಿಗೆ ಅಧ್ಯಯನ ಸಿಗುವುದೇ ಇಲ್ಲ. ಸಾರಾಂಶದಲ್ಲಿ ವಿನ್ಯಾಸ, ಮಕ್ಕಳ ಸಂಖ್ಯೆ, ಅಳತೆ, ಮಧ್ಯಪ್ರವೇಶ, ಮುಖ್ಯ ಫಲಿತಾಂಶ ಬರಲಿ. ಮಹಾಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಶಾಲೆಗೆ ಮತ್ತು ಪೋಷಕರಿಗೆ ಕೊಡಲು ಕನ್ನಡದ ಸಾರಾಂಶವೊಂದನ್ನು ಸಿದ್ಧಪಡಿಸಿ. ಅನುದಾನ ಯಾರದು, ಅಧ್ಯಯನದಲ್ಲಿ ಅವರ ಪಾತ್ರವೇನು ಎಂಬುದನ್ನು ಸೇರಿಸಿ. ಸ್ವಂತ ಖರ್ಚಿನಲ್ಲಿ ಮಾಡಿದ್ದರೆ ಹಾಗೆಂದೇ ನಮೂದಿಸಿ. ಅನುಬಂಧದಲ್ಲಿ ಅಂಕ ಹಾಕುವ ನಿಯಮಾವಳಿ, ಪದಪಟ್ಟಿ, ಕ್ರಮಪಾಲನೆಯ ಪಟ್ಟಿ, ಮತ್ತು ದಿನಾಂಕದ ಬದಲು ಮೊದಲ ಅಳತೆಯಿಂದ ಎಣಿಸಿದ ದಿನಸಂಖ್ಯೆಯೊಂದಿಗೆ ಪ್ರತಿ ಅಳತೆಯ ಮೂಲ ಅಂಕಗಳ ಕೋಷ್ಟಕ ಇರಬೇಕು. 26 ಅಂಶಗಳ ಸ್ಕ್ರೈಬ್ ಪಟ್ಟಿಯಲ್ಲಿ ಪ್ರತಿ ಅಂಶದ ಎದುರು ವರದಿಯ ಪುಟಸಂಖ್ಯೆ ಬರೆದು ಅದನ್ನೂ ಲಗತ್ತಿಸಿ. ಅನ್ವಯಿಸದ ಅಂಶಕ್ಕೆ ಗೆರೆ ಎಳೆಯದೆ, ಏಕೆ ಅನ್ವಯಿಸದು ಎಂದು ಒಂದು ಸಾಲು ಬರೆಯಿರಿ.